ಮೇಲಿನ ಹಲ್ಲು, ಮಾವನ ಹೆಗಲು

ಕೂಸಿಗೆ ಹಲ್ಲು ಬರುವ ಮನೆಯಲ್ಲಿ ದಿನಕ್ಕೊಂದು ಫಜೀತಿ ಆಗುತ್ತಲೇ ಇರುತ್ತದೆ, ಅದನ್ನು ಯಾರೂ ತಪ್ಪಿಸಲಾರರು. ಕೂಸಿಗೇನು, ರಾತ್ರಿಯೆಲ್ಲ ಅತ್ತು ಬೆಳಗಾಗುತ್ತಲೇ ಆರಾಮ ಮಲಗಿಬಿಡುತ್ತದೆ. ನೌಕರಿಗೆ ಹೋಗಬೇಕಾದವರ ಗತಿ ಏನು? ಮದುವೆಯಾದವರಿಗೆ ಈ ಫಜೀತಿ ಬಂದರೆ ಅವರ ಹಣೆಬರಹ ಅನ್ನಬಹುದು. ನನಗೆ ಮದುವೆಗಿಂತ ಮೊದಲೇ ಬಂತು. ಅಷ್ಟೇ ಆಗಿದ್ದರೆ ನಡೆಯುತ್ತಿತ್ತು, ಆದರೆ ನನ್ನ ಮದುವೆ ಆಗುವುದೋ ಬಿಡುವುದೋ ಅನ್ನುವುದೂ ಇನ್ನೂ ಹುಟ್ಟದ ಒಂದು ಹಲ್ಲಿನ ಮೇಲೆ ನಿಂತಿತ್ತು. ತೊಂಬತ್ತರ ದಶಕದ ಮಾತು ಇದು. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆಗ ಬರೀ ಆಕಳಿಕೆ ಬರುತ್ತಿತ್ತು.

ಕಾಲರ್ ಕಚ್ಚಿದ್ದು

ನಮ್ಮದು ಬಸವಕಲ್ಯಾಣ. ಮನೆಯಲ್ಲಿ ಅಪ್ಪ, ಅವ್ವ, ನಾನು. ಅಪ್ಪ ಸಾಲಿ ಮಾಸ್ತರಾಗಿ ರಿಟೈರ್ ಆದವರು. ತಂಗಿಯ ಮದುವೆ ನನಗಿಂತ ಮೊದಲೇ ಆಗಿ, ಆಕೆ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಗಂಡನಿಗೆ ಪುಣೆಯಲ್ಲಿ ನೌಕರಿ. ಬಾಡಿಗೆ ಮನೆ ಸಿಕ್ಕ ಮೇಲೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದ. ಪುಣೆಯಲ್ಲಿ ಮನೆ ಸಿಗಲಿಲ್ಲ, ಕೂಸು ನಮ್ಮ ಮನೆಯಲ್ಲೇ ಬೆಳೆಯಿತು.

ಆರು ತಿಂಗಳ ತನಕ ಅದರಂಥ ಶಾಣ್ಯಾ ಕೂಸು ಓಣಿಯಲ್ಲೇ ಇರಲಿಲ್ಲ. ಆಮೇಲೆ ಒಸಡು ಉಬ್ಬಿತು, ಜೊಲ್ಲು ಸುರಿಯತೊಡಗಿತು, ನಿದ್ದೆ ಹಾರಿಹೋಯಿತು. ಅವ್ವ ಒಸಡಿಗೆ ಜೇನು ತಿಕ್ಕಿದಳು. ಬಾಜೂ ಮನೆಯ ಖಾಲಾ ದೊಡ್ಡದೊಂದು ಖಾರೀಕಿಗೆ, ಅಂದರೆ ಒಣ ಖರ್ಜೂರಕ್ಕೆ, ಕರೀದಾರ ಕಟ್ಟಿ ಕೊಟ್ಟರು. ಈ ಖಾಲಾ ಅವ್ವನ ಗೆಳತಿ. ನಾವು ಅಣ್ಣ ತಂಗಿ ಇಬ್ಬರೂ ಅವರ ತೊಡೆಯ ಮೇಲೆ ಆಡಿ ಬೆಳೆದವರು. ಕೂಸು ಖಾರೀಕು ಚೀಪಿ ಬಿಸಾಕಿತು. ಅಪ್ಪನ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇತ್ತು, ಅದು ಮಾತ್ರ ತಣ್ಣಗೆ ಬಾಯಿಗೆ ಹಿತವಾಗಿರಬೇಕು, ಅದನ್ನು ಹಿಡಿದು ಒಸಡಿಗೆ ತಿಕ್ಕಿಕೊಂಡು ಸುಮ್ಮನಾಗುತ್ತಿತ್ತು. ಆದರೆ ಅಪ್ಪ ಪೂಜೆಗೆ ಕೂಡಬೇಕಲ್ಲ. ಕಸಿದುಕೊಂಡ ಕೂಡಲೇ ಮತ್ತೆ ಮೊದಲಿನಿಂದ ಸುರು.

ಕಡೆಗೆ ಒಂದು ರಾತ್ರಿ ಎಲ್ಲರೂ ಸೋತು ಕೂಸನ್ನು ನನ್ನ ಹೆಗಲಿಗೆ ಹಾಕಿದರು. ನಾನು ದಿನವಿಡೀ ಹುಮನಾಬಾದ್ ಮಾರ್ಕೆಟ್ಟಿನಲ್ಲಿ ತೊಗರಿ ಚೀಲಗಳ ನಡುವೆ ಇರುವವನು, ಅಂಗಿಗೆ ಕಾಳಿನ ವಾಸನೆ ಹಿಡಿದಿರುತ್ತಿತ್ತು. ಕೂಸು ಮೂಸಿ ನೋಡಿತು. ಅಂಗಿಯ ಕಾಲರ್ ಬಾಯಿಗೆ ಹಾಕಿಕೊಂಡು ಎರಡು ಸಲ ಕಚ್ಚಿತು. ಮಲಗಿಬಿಟ್ಟಿತು.

"ಸಿಕ್ತು ನೋಡು ಔಷಧ," ಅಂದಳು ಅವ್ವ.

ಅಂದಿನಿಂದ ಔಷಧ ನಾನೇ. ಕೆಳಗಿಟ್ಟರೆ ಏಳುತ್ತಿತ್ತು, ಕುಳಿತರೆ ಏಳುತ್ತಿತ್ತು, ನಾನು ಅಡ್ಡಾಡುತ್ತಿದ್ದರೆ ಮಾತ್ರ ನಿದ್ದೆ. ತಂಗಿ ಕಣ್ಣಲ್ಲಿ ನೀರು ತಂದುಕೊಂಡು, "ಅಣ್ಣಾ, ನೀ ಇಲ್ದಿದ್ರ ನಾ ಏನ್ ಮಾಡ್ತಿದ್ದೆ?" ಅಂದಳು. "ನೀ ಏನ್ ಮಾಡ್ತಿದ್ದೆಯೋ ಗೊತ್ತಿಲ್ಲ, ನಾ ಮಲಗ್ತಿದ್ದೆ," ಅಂದೆ. ಬಾಯಲ್ಲಿ ಹಾಗೆ ಅಂದರೂ ಆ ಬೆಚ್ಚನೆಯ ಮುದ್ದೆ ಹೆಗಲ ಮೇಲೆ ಉಸಿರಾಡುತ್ತಿದ್ದರೆ ನನಗೆ ಹಿತವೇ ಆಗುತ್ತಿತ್ತು.

ಒಂದು ತಿಂಗಳಾದ ಮೇಲೆ ಇಸ್ತ್ರಿ ಅಂಗಡಿಯವ ನನ್ನ ಅಂಗಿಗಳನ್ನೆಲ್ಲ ಹರಡಿಕೊಂಡು ಗುಟ್ಟಿನಲ್ಲಿ ಕೇಳಿದ: "ಹೇಳ್ತೇನಂತ ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಮನ್ಯಾಗ ಇಲಿ ಭಾಳ ಆಗ್ಯಾವೇನು?"

ಹೆಣ್ಣು ನೋಡಲು ಹೋದದ್ದು

ಅದೇ ಹೊತ್ತಿಗೆ ಹುಮನಾಬಾದ್‌ನ ಒಂದು ಸಂಬಂಧ ಬಂತು. ಹುಡುಗಿ ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದಳು. ತಾಯಿ ಇರಲಿಲ್ಲ, ತಾಯಿಯ ತಾಯಿ, ಅಂದರೆ ಅಜ್ಜಿ, ಸಾಕಿ ದೊಡ್ಡವಳನ್ನು ಮಾಡಿದ್ದಳು. ಒಂದು ಐತವಾರ ನಾನು, ಅಪ್ಪ, ಅವ್ವ ನೋಡಲು ಹೋದೆವು.

ಮೆತ್ತನೆಯ ಸೋಫಾ, ತಲೆಯ ಮೇಲೆ ಫ್ಯಾನು. ಹಿಂದಿನ ರಾತ್ರಿ ಕಣ್ಣು ಮುಚ್ಚದವನಿಗೆ ಇದಕ್ಕಿಂತ ಹೆಚ್ಚಿನ ಪರೀಕ್ಷೆ ಬೇಕೆ? ಉಪ್ಪಿಟ್ಟಿನ ಚಮಚ ಬಾಯಿಯ ಹತ್ತಿರ ಬಂದು ಅಲ್ಲೇ ನಿಂತುಬಿಟ್ಟಿತು. ಅವ್ವ ಮೊಣಕೈಯಿಂದ ತಿವಿದಳು. ಹುಡುಗಿ ಚಾ ತಂದಳು. ನಾನು ಕಪ್ಪು ಬಶಿ ಹಿಡಿದೆ, ಬಶಿ ವಾಲಿತು, ಆಕೆಯೇ ಕೈ ಕೊಟ್ಟು ಎತ್ತಿ ಹಿಡಿದಳು.

"ರಾತ್ರಿ ನಿದ್ದಿ ಆಗಿಲ್ಲೇನ್ರಿ?" ಅಂತ ಮೆಲ್ಲಗೆ ಕೇಳಿದಳು.

ನಾನು ಅರೆನಿದ್ದೆಯಲ್ಲೇ ಅಂದೆ: "ಎಲ್ಲೀ ನಿದ್ದಿರಿ. ಕೂಸು ಮಲಗಗೊಡಂಗಿಲ್ಲ."

ಹುಡುಗಿಯ ಅಪ್ಪ ಕಪ್ಪು ಕೆಳಗಿಟ್ಟರು. ನಮ್ಮ ಅಪ್ಪ ಪರಿಸ್ಥಿತಿ ಸುಧಾರಿಸಲು ಹೋಗಿ, "ಅದು ಇವನ ಕೂಸಲ್ರಿ," ಅಂದರು. ಅದು ಇನ್ನೂ ಕೆಟ್ಟಿತು. ಅವ್ವ ಗಾಬರಿಯಿಂದ, "ತಂಗೀದ್ರಿ, ಇವನ ತಂಗಿ ಕೂಸು. ಹಲ್ಲು ಬರಾಕತ್ತಾವ, ಇವನ ಹೆಗಲು ಬಿಟ್ರ ಎಲ್ಲೂ ಮಲಗಂಗಿಲ್ಲ," ಅಂತ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ನಗು ನೋಡಿದ ಕೂಡಲೇ ನನ್ನ ನಿದ್ದೆ ಪೂರ್ತಿ ಇಳಿಯಿತು. ಮದುವೆಯಾದರೆ ಈಕೆಯನ್ನೇ, ಇಲ್ಲದಿದ್ದರೆ ಇಲ್ಲ ಅಂತ ಅಲ್ಲೇ ನಿಶ್ಚಯ ಮಾಡಿಕೊಂಡೆ.

ಆದರೆ ಅಜ್ಜಿ ನಗಲಿಲ್ಲ. ಮುಂದಕ್ಕೆ ಸರಿದು ಕುಳಿತು, "ಯಾವ ಹಲ್ಲು ಬಂದಾದ? ಮ್ಯಾಲಿಂದೋ, ಕೆಳಗಿಂದೋ?" ಅಂದಳು.

"ಇನ್ನಾ ಯಾವ್ದೂ ಬಂದಿಲ್ರಿ," ಅಂದಳು ಅವ್ವ. ಮುಂದಿನ ಮಾತು ಏನೆಂದು ಅವ್ವನಿಗೂ ಗೊತ್ತಿತ್ತು. ಕೂಸಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕಂಟಕ ಅನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು. ಆ ಸೋದರಮಾವ ನಾನು.

"ಹಲ್ಲು ಬರ್ಲಿ," ಅಂದಳು ಅಜ್ಜಿ. "ಕೆಳಗಿಂದು ಬಂದ್ರ ಸಕ್ಕರಿ ತಿನ್ನೋಣು. ಮ್ಯಾಲಿಂದು ಬಂತಂದ್ರ ಈ ಮಾತು ಇಲ್ಲಿಗೇ ಬಿಡ್ರಿ. ನನ್ನ ಮೊಮ್ಮಗಳಿನ್ನ ನಾ ಕೊಡಂಗಿಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅಪ್ಪ ಬೈದರು. "ಶರಣರು ಇದೇ ಕಲ್ಯಾಣದಾಗ ನಿಂತು ಶಕುನ ಬ್ಯಾಡ, ಪಂಚಾಂಗ ಬ್ಯಾಡ ಅಂದು ಹೋದ್ರು. ನಾವು ಈಗ ಹಲ್ಲಿಗೆ ಹೆದರಾಕತ್ತೇವಿ."

"ನನಗ ಯಾಕ ಹೇಳ್ತೀರಿ? ಆ ಅಜ್ಜಿಗೆ ಹೇಳಬೇಕಾಗಿತ್ತು," ಅಂದಳು ಅವ್ವ.

ಮನೆ ಮುಟ್ಟಿದ ಮೇಲೆ ಚಪ್ಪಲಿ ಸಹ ಕಳಚದೆ ಕೂಸಿನ ಬಾಯಿ ತೆರೆದು ನೋಡಿದವರು ಅಪ್ಪನೇ.

ತೊಗರಿ ಸವಾಲು

ನಾನು ಒಂದು ದಾಲ್ ಮಿಲ್ಲಿಗೆ ತೊಗರಿ ಖರೀದಿ ಮಾಡುವ ಗುಮಾಸ್ತ. ಮಾಲೀಕರನ್ನು ಎಲ್ಲರೂ ಸೇಟ್ ಅಂತಲೇ ಕರೆಯುತ್ತಿದ್ದರು, ತಾತ ಮುತ್ತಾತನ ಕಾಲದಿಂದ ಕಾಳಿನ ವ್ಯಾಪಾರದ ಮನೆತನ. ಮಾರ್ಕೆಟ್ಟಿನ ಅಂಗಳದಲ್ಲಿ ರೈತರು ತಂದ ತೊಗರಿಯ ರಾಶಿ ಹಾಕಿರುತ್ತಾರೆ. ಸವಾಲು ಕೂಗುವವ ರಾಶಿಯ ಪಕ್ಕ ನಿಂತು ಧಾರಣೆ ಕೂಗುತ್ತಾನೆ. ಸುತ್ತಲಿನ ಖರೀದಿದಾರರು ಬಾಯಿ ಬಿಡುವುದಿಲ್ಲ. ಬೇಕಾದವ ತಲೆ ಆಡಿಸಿದರೆ ಸಾಕು, ಧಾರಣೆ ಒಂದು ಮೆಟ್ಟಿಲು ಏರುತ್ತದೆ. ಯಾರ ತಲೆ ಕೊನೆಗೆ ಆಡುತ್ತದೋ ಮಾಲು ಅವರದು.

ಚಳಿಗಾಲದ ಎಳೆಬಿಸಿಲು. ನಾನು ಚೀಲದ ಮೇಲೆ ಕುಳಿತಿದ್ದೆ. ಕಣ್ಣು ತೆರೆದೇ ಇತ್ತು ಅಂತ ನೋಡಿದವರು ಹೇಳುತ್ತಾರೆ. ಒಳಗೆ ಮಾತ್ರ ಯಾರೂ ಇರಲಿಲ್ಲ. ತಲೆ ತೂಗಿತು. ಧಾರಣೆ ಏರಿತು. ಇನ್ನೊಬ್ಬ ವ್ಯಾಪಾರಿ ತಲೆ ಆಡಿಸಿದ. ನಾನು ಮತ್ತೆ ತೂಗಿದೆ. ಆತ ಅಷ್ಟಕ್ಕೆ ಬಿಟ್ಟ, ಬೇರೊಬ್ಬ ಹಿಡಿದ. ನಾನು ಯಾರನ್ನೂ ಬಿಡಲಿಲ್ಲ. ಕಡೆಗೆ ಎಲ್ಲರೂ ಕೈ ಚೆಲ್ಲಿ ನಿಂತರೂ ನನ್ನ ತಲೆ ಆಡುತ್ತಲೇ ಇತ್ತಂತೆ. ಸವಾಲು ಕೂಗುವವನೇ ಮರುಕಪಟ್ಟು, "ಸಾಕ್ರಿ, ನಿಮ್ಮದೇ ಆತು," ಅಂದ.

ಸೇಟ್ ಸುದ್ದಿ ಕೇಳಿ ಓಡಿ ಬಂದರು. ರಾಶಿಯಿಂದ ಒಂದು ಹಿಡಿ ತೊಗರಿ ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. "ಅರೇ ಭಾಯಿ, ಇದು ತೊಗರಿ ಅದನೋ ಬಂಗಾರ ಅದನೋ? ಯಾರಿಗೆ ಕೇಳಿ ತೊಗೊಂಡಿ?"

ಕೂಸಿನ ಹಲ್ಲು, ನನ್ನ ನಿದ್ದೆ, ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. ನೌಕರಿ ಹೋಯಿತು, ನೌಕರಿ ಇಲ್ಲದವನಿಗೆ ಹುಡುಗಿಯೂ ಹೋದಳು ಅಂದುಕೊಂಡೆ. ಆದರೆ ಅಷ್ಟರಲ್ಲಿ ಮಾರ್ಕೆಟ್ಟಿನಲ್ಲಿ ಪಿಸುಪಿಸು ಸುರುವಾಗಿತ್ತು. ಸೇಟರ ಗುಮಾಸ್ತ ಸುಮ್ಮನೆ ಯಾಕೆ ಅಷ್ಟು ಧಾರಣೆಗೆ ಹೋಗುತ್ತಾನೆ? ಅವರಿಗೆ ಹೈದರಾಬಾದಿನಿಂದ ಏನೋ ಖಬರ್ ಬಂದಿದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ತೊಗರಿಗೆ ಮುಗಿಬಿದ್ದರು. ಸೇಟರ ಗೋದಾಮಿನಲ್ಲಿ ಹಳೆಯ ಮಾಲು ಬೇಕಾದಷ್ಟಿತ್ತು. ಸಂಜೆಯೊಳಗೆ ಅದೆಲ್ಲ ಒಳ್ಳೇ ಧಾರಣೆಗೆ ಹೋಯಿತು.

ಮರುದಿನ ನಾನು ಅಂಜುತ್ತ ಹೋದರೆ ಸೇಟ್ ಬೇವಿನ ಮರದ ಕೆಳಗೆ ನನಗೆಂದೇ ಒಂದು ಕುರ್ಚಿ ಹಾಕಿಸಿದ್ದರು. ಭುಜದ ಮೇಲೆ ಕೈ ಇಟ್ಟು ಪ್ರೀತಿಯಿಂದ ಕೇಳಿದರು: "ಬಾ ಬೇಟಾ, ಕೂಡು. ಕೂಸು ರಾತ್ರಿ ಛಲೋತ್ನಂಗ ಅತ್ತದಿಲ್ಲೋ?"

ಬಸ್ಸಿನಲ್ಲಿ ಜೋಗುಳ

ನಾನು ದಿನಾ ಸಂಜೆ ಊರಿಗೆ ಬರುತ್ತಿದ್ದ ಬಸ್ಸು ಬಸವಕಲ್ಯಾಣದಲ್ಲಿ ನಿಂತು ಹುಲಸೂರಿಗೆ ಹೋಗುತ್ತಿತ್ತು. ಒಂದು ದಿನ ನನ್ನ ಪಕ್ಕದಲ್ಲಿ ಬಿಳಿ ಟೊಪ್ಪಿಗೆಯ ದಪ್ಪ ಮನುಷ್ಯರೊಬ್ಬರು ಕುಳಿತರು. ಸೀಟಿನಲ್ಲಿ ನನಗೆ ಉಳಿದದ್ದು ಅಂಗೈಯಷ್ಟು ಜಾಗ. ರಾಜೇಶ್ವರ ದಾಟಿದ್ದು ನೆನಪಿದೆ. ಆಮೇಲೆ ಕಂಡಕ್ಟರ ಅಲುಗಾಡಿಸಿ ಎಬ್ಬಿಸಿದಾಗ ಬಸ್ಸಿನಲ್ಲಿ ನಾನು, ಆ ಮನುಷ್ಯರು ಇಬ್ಬರೇ ಉಳಿದಿದ್ದೆವು, ಬಸ್ಸು ಹುಲಸೂರಿನಲ್ಲಿತ್ತು.

"ಕಲ್ಯಾಣದಾಗ ಯಾಕ ಎಬ್ಬಿಸಲಿಲ್ರಿ?" ಅಂತ ನಾನು ಸಿಟ್ಟಿಗೆದ್ದೆ.

"ಹ್ಯಾಂಗ ಎಬ್ಬಿಸಲ್ರಿ? ಇವರು ನಿಮ್ಮ ಹೆಗಲ ಮ್ಯಾಲ ತಲಿ ಇಟ್ಟು ಮಲಗಿದ್ರು. ನೀವು ಕಣ್ಣು ಮುಚ್ಕೊಂಡೇ ಇವರ ಬೆನ್ನು ತಟ್ಟಿ, ಅಳಬ್ಯಾಡಪಾ, ಹಲ್ಲು ಬರ್ತಾವು, ಅಳಬ್ಯಾಡ ಅನ್ನಾಕತ್ತಿದ್ರಿ. ಮನ್ಯಾಗ ಏನೋ ದುಃಖ ಆಗಿರಬೇಕಂತ ಸುಮ್ಮ ಬಿಟ್ಟೆ."

ಆ ಮನುಷ್ಯರೂ ಕಲ್ಯಾಣಕ್ಕೇ ಬರಬೇಕಾದವರು. ವಾಪಸು ಹೋಗುವ ಜೀಪು ತುಂಬುವ ತನಕ ಇಬ್ಬರೂ ಚಾ ಕುಡಿಯುತ್ತ ಕುಳಿತೆವು.

"ಒಬ್ಬ ಹುಡುಗನ ಬಗ್ಗೆ ವಿಚಾರಿಸಾಕ ಹೊಂಟಿದ್ದೆ," ಅಂದರು ಅವರು. "ನಮ್ಮ ಅಕ್ಕನ ಮಗಳಿಗೆ ನೋಡ್ಯಾರ. ನೋಡಾಕ ಬಂದಾಗ ನಾ ಊರಾಗ ಇದ್ದಿಲ್ಲ. ಹುಡುಗ ದಾಲ್ ಮಿಲ್ಲಿನಾಗ ಗುಮಾಸ್ತ ಅಂತ. ಯಾವಾಗ ನೋಡಿದ್ರೂ ಕಣ್ಣು ಕೆಂಪಗ ಇರತಾವಂತ, ಕುಂತಲ್ಲೇ ತೂಗ್ತಾನಂತ. ಕುಡಿತಾನೋ ಏನೋ ನನಗ ಸಂಶಯ."

ಚಾ ನೆತ್ತಿಗೇರಿತು. ಕೆಮ್ಮಿ ಮುಗಿಸಿ, "ಕುಡಿಯಂಗಿಲ್ರಿ ಅಂವ," ಅಂದೆ.

"ನಿಮಗ ಅಂವ ಗೊತ್ತೇನು?"

"ಸಣ್ಣಂವಿದ್ದಾಗಿಂದ ಗೊತ್ತದ್ರಿ."

"ನೋಡ್ರಿ, ನೀವು ಛಲೋ ಮನಷ್ಯಾ ಕಾಣ್ತೀರಿ. ಗುರುತಿಲ್ಲದವನ ತಲಿಗೆ ಹೆಗಲು ಕೊಟ್ರಿ. ನಿಮ್ಮಂಥ ಹುಡುಗ ಸಿಕ್ಕಿದ್ದಿದ್ರ ನಾ ಕಣ್ಣು ಮುಚ್ಚಿ ಹೂಂ ಅಂತಿದ್ದೆ. ಬರ್ರಿ, ಅವನ ಮನಿಯಾದ್ರೂ ತೋರಿಸ್ರಿ."

ತೋರಿಸಿದೆ. ಬಾಗಿಲು ಬಡಿಯುವ ಮೊದಲೇ ಅವ್ವ ಹೊರಗೆ ಬಂದು, "ಎಷ್ಟೊತ್ತು ಮಾಡಿದ್ಯೋ, ಹಿಡಿ ಇದನ್ನ," ಅಂತ ಅಳುವ ಕೂಸನ್ನು ನನ್ನ ಹೆಗಲಿಗೆ ಹಾಕಿ ಒಳಗೆ ಹೋದಳು. ಕೂಸು ಕಾಲರ್ ಕಚ್ಚಿ ತಟ್ಟನೆ ಸುಮ್ಮನಾಯಿತು. ಆ ಮನುಷ್ಯರು ನನ್ನನ್ನು ನೋಡಿದರು, ಕೂಸನ್ನು ನೋಡಿದರು. ಹೊಟ್ಟೆ ಕುಣಿಯುವಂತೆ ನಕ್ಕರು.

"ಹಲ್ಲಿನ ಮಾತು ನಮ್ಮ ಅವ್ವನ ಕೈಯಾಗ ಅದ, ಅದು ನನ್ನಿಂದ ಆಗಂಗಿಲ್ಲ," ಅಂದರು. "ಆದ್ರ ನನ್ನ ಸಂಶಯ ಹೋತು. ಇಷ್ಟು ವರ್ಷದಾಗ ಬಸ್ಸಿನಾಗ ನನಗ ಹಂಥಾ ನಿದ್ದಿ ಹತ್ತಿದ್ದಿಲ್ಲ."

ಖಾಲಾನ ಚಮಚ

ಒಂದು ಮುಂಜಾನೆ ಕೂಸು ಕಾಲರ್ ಬಿಟ್ಟು ನನ್ನ ಹೆಗಲನ್ನೇ ಕಚ್ಚಿತು. ಏನೋ ಚುಚ್ಚಿತು. ಬೆರಳು ಹಾಕಿ ನೋಡಿದೆ. ಅಕ್ಕಿನುಚ್ಚಿನಷ್ಟು ಹಲ್ಲು. ಮೇಲೆ.

ನನಗೆ ನನ್ನ ಕಂಟಕದ ಭಯ ಇರಲಿಲ್ಲ, ಆ ಸೆರಗಿನ ನಗು ಕೈ ತಪ್ಪುತ್ತದಲ್ಲ ಅನ್ನುವ ಸಂಕಟ. ಯಾರಿಗೂ ಹೇಳಲಿಲ್ಲ. ನಾಲ್ಕು ದಿನದಲ್ಲಿ ಕೆಳಗಿನದೂ ಬಂದುಬಿಟ್ಟರೆ ಯಾವುದು ಮೊದಲು ಅಂತ ಯಾರಿಗೆ ಗೊತ್ತಾಗುತ್ತದೆ?

ಆಶ್ಚರ್ಯವೆಂದರೆ ಮನೆಯಲ್ಲಿ ಉಳಿದವರೂ ಕೂಸಿನ ಬಾಯಿ ನೋಡುವುದನ್ನು ಬಿಟ್ಟಿದ್ದರು. ಅಪ್ಪ, "ಬಾಯಾಗ ಕೈ ಹಾಕಬಾರ್ದು,  ಜಂತು ಆಗ್ತಾವ," ಅನ್ನತೊಡಗಿದರು. ಅವ್ವ ಕೂಸಿನ ಬಾಯಿಂದ ಖಾರೀಕು ತೆಗೆಯಗೊಡುತ್ತಿರಲಿಲ್ಲ. ತಂಗಿ ಕೂಸು ನಕ್ಕರೆ ಸಾಕು, ಎದೆಗೆ ಅವಚಿಕೊಂಡು ಒಳಗೆ ಓಡುತ್ತಿದ್ದಳು. ನನ್ನ ಗುಟ್ಟು ನನಗೆ ಹೆಚ್ಚಾಗಿತ್ತು, ಅವರ ಕಡೆ ಲಕ್ಷ್ಯ ಕೊಡಲಿಲ್ಲ.

ಆಗ ಖಾಲಾ ಸ್ಟೀಲಿನ ಚಮಚ ಹಿಡಿದು ಬಂದರು. ಹಲ್ಲು ಬಂದಿದ್ದರೆ ಚಮಚ ತಾಗಿಸಿದಾಗ ಟಿಣ್ ಅನ್ನುತ್ತದೆ, ಅದು ಹಳೆಯ ಪರೀಕ್ಷೆ. "ಬಾ ನನ್ನ ರಾಜಾ, ಬಾಯಿ ತೆರಿ," ಅಂತ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು.

ಚಮಚ ಬಾಯಿಯ ಹತ್ತಿರ ಬಂತು. ಅದೇ ಹೊತ್ತಿಗೆ ತಂಗಿಗೆ ಜೋರಾಗಿ ಕೆಮ್ಮು ಬಂತು. ಅಡಿಗೆ ಮನೆಯಲ್ಲಿ ಅವ್ವನ ಕೈಯಿಂದ ಹಿತ್ತಾಳೆ ತಾಟು ಬಿತ್ತು. ಅಪ್ಪ ರೇಡಿಯೋದ ಕಿವಿ ಹಿಂಡಿದರು, ಎಮ್ಮೆಯ ಕಾಲುಬೇನೆಯ ಬಗ್ಗೆ ಯಾರೋ ಗಟ್ಟಿಯಾಗಿ ಹೇಳತೊಡಗಿದರು. ನಾನು, ಹುಟ್ಟಿದಾಗಿನಿಂದ ಹಾಡದವನು, ಹಾಡಿದೆ.

ಆಮೇಲೆ ಎಲ್ಲರೂ ಒಮ್ಮೆಲೇ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಪ್ಪ ರೇಡಿಯೋ ಬಂದ್ ಮಾಡಿ, "ನಿಮಗೂ ಗೊತ್ತದೇನು?" ಅಂದರು. ತಂಗಿ ಅಳತೊಡಗಿದಳು. "ನನ್ನ ಕೂಸಿನಿಂದ ಅಣ್ಣನ ಮದುವಿ ನಿಲ್ತದಂತ ನಾನೇ ಮುಚ್ಚಿಟ್ಟೆ," ಅಂದಳು.

ಖಾಲಾ ಚಮಚ ಒರೆಸಿ ಸೆರಗಿಗೆ ಕಟ್ಟಿಕೊಂಡರು. "ಇಷ್ಟ್ಯಾಕ ಗದ್ದಲ ಮಾಡ್ತೀರಿ? ಮ್ಯಾಲಿನ ಹಲ್ಲು ಬಂದದ್ದು ಓಣಿಗೆಲ್ಲಾ ಗೊತ್ತದ. ನಿಮಗ ಗೊತ್ತಾದ್ರ ಬ್ಯಾಸರ ಮಾಡ್ಕೋತೀರಂತ ಯಾರೂ ಹೇಳಿಲ್ಲ, ಅಷ್ಟೇ."

ಅಂದಿನಿಂದ ಅವ್ವನಿಗೆ ನಿಜವಾದ ಹೆದರಿಕೆ ಹಿಡಿಯಿತು. ಶಾಂತಿ ಆಗುವ ತನಕ ಮಾವ ಕೂಸಿನ ಮುಖ ನೋಡಬಾರದಂತೆ. ಕೂಸು ಮಾತ್ರ ಮಾವನ ಹೆಗಲು ಬಿಟ್ಟು ಮಲಗದು. ನಾನು ಮುಖದ ಮೇಲೆ ಟವೆಲ್ ಹಾಕಿಕೊಂಡು ಕೂಸು ಹೊತ್ತು ಅಡ್ಡಾಡಿದೆ. ಗೋಡೆ ಕಂಬ ಎಲ್ಲಕ್ಕೂ ಹಾಯ್ದೆ.

ಹುಡುಗಿಯ ಮನೆಗೆ ಸುದ್ದಿ ಮುಟ್ಟಿಸಬೇಕಿತ್ತು. ಅಪ್ಪ ಎಸ್‌ಟಿಡಿ ಬೂತಿಗೆ ಹೊರಟರು. "ಮಾಸ್ತರಿಕಿ ಮಾಡಿದಂವ ನಾನು, ಸುಳ್ಳು ಹೇಳಂಗಿಲ್ಲ. ಹಲ್ಲು ಬಂತು ಅಂತೇನಿ. ಎಲ್ಲಿ ಬಂತು ಅಂತ ಕೇಳಿದ್ರ, ಬಾಯಾಗ ಅಂತೇನಿ."

ಸಕ್ಕರೆಯ ದಿನ

ಅಪ್ಪನ ಫೋನು ಕೇಳಿ ಅಜ್ಜಿ, "ಸಕ್ಕರಿ ದಿನ ಹಿಡೀರಿ. ಕೂಸಿನ್ನ ಕರ್ಕೊಂಡು ಬರ್ಲಿ, ನಾ ಕಣ್ಣಾರೆ ನೋಡ್ತೇನಿ," ಅಂದಳಂತೆ. ಸಾಖರಪುಡಾ ಅಂದರೆ ಎರಡೂ ಕಡೆಯವರು ಸಕ್ಕರೆ ತಿಂದು ಮಾತು ಗಟ್ಟಿ ಮಾಡುವ ಕಾರ್ಯ. ಕೆಳಗಿನ ಹಲ್ಲಿಗಾಗಿ ನಾವೆಲ್ಲ ಹಗಲಿರುಳು ಕಾದೆವು. ಅದು ಬರಲಿಲ್ಲ. ಒಂದೇ ಒಂದು ಮೇಲಿನ ಹಲ್ಲು ಹೊತ್ತುಕೊಂಡು ಹುಮನಾಬಾದ್‌ಗೆ ಹೋದೆವು.

ಅಜ್ಜಿ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ಪಕ್ಕದಲ್ಲಿ ಬಸ್ಸಿನ ಆ ದಪ್ಪ ಮಾಮಾ, ಮುಂದಿನ ತಾಟಿನಲ್ಲಿ ಹೋಳಿಗೆ. ಹುಡುಗಿ ಹಸಿರು ಸೀರೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದಳು. ಸಕ್ಕರೆಯ ಬಟ್ಟಲು ನಡುವೆ ಇತ್ತು.

"ಇಲ್ಲಿ ತಾ ಕೂಸಿನ್ನ," ಅಂದಳು ಅಜ್ಜಿ. ತಂಗಿ ಒಯ್ದು ಆಕೆಯ ತೊಡೆಯ ಮೇಲೆ ಹಾಕಿದಳು. ಅಜ್ಜಿ ಕೂಸಿನ ಬಾಯಲ್ಲಿದ್ದ ಖಾರೀಕು ತೆಗೆದು ತನ್ನ ಬೆರಳು ಇಟ್ಟಳು. ಕೂಸು ತಡಮಾಡಲಿಲ್ಲ. ಕಚ್ಚಿತು. ಅಜ್ಜಿ ಬೆರಳು ಹೊರಗೆ ತೆಗೆದು ತಿರುವಿ ನೋಡಿದಳು. ಗುರುತು ಉಗುರಿನ ಕಡೆಗಿತ್ತು.

"ಮ್ಯಾಲಿಂದು," ಅಂದಳು. ಬಟ್ಟಲನ್ನು ಒಂದಿಷ್ಟು ದೂರ ಸರಿಸಿದಳು.

ಅಪ್ಪ ಏನೋ ಹೇಳಲು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಹುಡುಗಿ ತಲೆ ಎತ್ತಿ, ಕ್ಲಾಸಿನಲ್ಲಿ ಕೇಳಿದಂತೆ ಸ್ಪಷ್ಟವಾಗಿ ಕೇಳಿದಳು: "ಅಜ್ಜಿ, ನನ್ನದು ಯಾವ್ದು ಮೊದ್ಲ ಬಂದಿತ್ತು?"

ಅಜ್ಜಿ ಕೂಸಿನ ಜೊಲ್ಲು ಒರೆಸತೊಡಗಿದಳು.

"ಮ್ಯಾಲಿಂದೇ ಅಂತ ಅಪ್ಪಾಜಿ ಹೇಳ್ಯಾರ. ಮಾಮಾ ಇಲ್ಲೇ ಕುಂತಾನಲ್ಲ, ಏನಾಗ್ಯಾದ ಅವನಿಗೆ?"

ಎಲ್ಲರೂ ಮಾಮಾನನ್ನು ನೋಡಿದೆವು. ಅವರ ಬಾಯಿ ತುಂಬ ಹೋಳಿಗೆ ಇತ್ತು.

"ಏನಾಗ್ಯಾದಂತ ಕೇಳ್ತೀಯೇನು?" ಅಜ್ಜಿಯ ಧ್ವನಿ ಒಡೆಯಿತು. "ನಿನ್ನ ಹಲ್ಲು ಬಂದ ತಿಂಗಳದಾಗೇ ಇವನಿಗೆ ಟೈಫೈಡ್ ಆತು. ಉಳಿಯಂಗಿಲ್ಲ ಅಂದಿದ್ರು. ದವಾಖಾನಿ ಹೊರಗ ನಾ ಹ್ಯಾಂಗ ಕುಂತಿದ್ದೆ ನನಗ ಗೊತ್ತದ. ನಾಳಿ ಈ ಹುಡುಗಗ ಏನರ ಆದ್ರ ನೀ ಹಂಗ ಕೂಡಬೇಕೇನು? ನಾ ನೋಡಲ್ಯಾ?"

ಅಲ್ಲಿಯವರೆಗೆ ಆಕೆಯನ್ನು ಹಟಮಾರಿ ಮುದುಕಿ ಅಂತ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಆಕೆ ಹೆದರಿದ್ದು ನನಗಾಗಿಯೂ ಹೌದು ಅಂತ ತಿಳಿದಾಗ ನನ್ನ ಕಣ್ಣೂ ತೇವವಾಯಿತು.

ಮಾಮಾ ಹೋಳಿಗೆ ನುಂಗಿ ನೀರು ಕುಡಿದರು. ಸಣ್ಣ ಹುಡುಗನ ಹಾಗೆ ನೆಲ ನೋಡುತ್ತ ಅಂದರು: "ಅವ್ವಾ, ಬೈಬ್ಯಾಡ. ಟೈಫೈಡ್ ಹಲ್ಲಿನಿಂದ ಬಂದಿದ್ದಲ್ಲ. ನೀ ಬ್ಯಾಡ ಅಂದ್ರೂ ಸಂತ್ಯಾಗ ದಿನಾ ಬಣ್ಣದ ಐಸ್ ತಿಂತಿದ್ದೆ. ಡಾಕ್ಟರ್ ಅದೇ ಅಂದಿದ್ರು. ನೀ ಹಲ್ಲಿಗೆ ಬೈಯಾಕತ್ತಿದ್ದಿ, ನಾನೂ ಸುಮ್ಮ ಇದ್ದೆ."

ಅಜ್ಜಿ ಮಗನ ತಾಟಿನಲ್ಲಿ ಉಳಿದ ಹೋಳಿಗೆ ತೆಗೆದು ನನ್ನ ತಾಟಿಗೆ ಹಾಕಿದಳು. "ಇಷ್ಟು ವರ್ಷ ಆ ಎಳೀ ಹಲ್ಲಿಗೆ ಶಾಪ ಹಾಕಿದೆನಲ್ಲೋ, ಐಸ್ ತಿಂದಂವನ ಬಿಟ್ಟು," ಅಂದಳು. ಬಟ್ಟಲು ಎಳೆದುಕೊಂಡು ಮೊದಲ ಚಿಟಿಕೆ ಸಕ್ಕರೆ ಕೂಸಿನ ಬಾಯಿಗೆ ಹಾಕಿದಳು, ಎರಡನೆಯದು ನನ್ನ ಬಾಯಿಗೆ.

ಆದರೂ ತನ್ನ ಸಮಾಧಾನಕ್ಕೆ ಶಾಂತಿ ಮಾಡಿಸಿದಳು. ಕಂಚಿನ ತಾಟಿನಲ್ಲಿ ಎಣ್ಣೆ ಹಾಕಿ, ಅದರಲ್ಲಿ ಕೂಸಿನ ಮುಖದ ನೆರಳನ್ನು ನಾನು ನೋಡಬೇಕು. ಬಗ್ಗಿ ನೋಡಿದೆ. ಎಣ್ಣೆಯಲ್ಲಿ ನನ್ನ ಮುಖ ಕಂಡದ್ದೇ ಕೂಸು ಕೇಕೆ ಹಾಕಿ ಎರಡೂ ಕೈ ತಾಟಿಗೆ ಬಡಿದು, ಅದೇ ಕೈಯಲ್ಲಿ ನನ್ನ ಹೆಗಲಿಗೆ ಹಾರಿತು. ಆ ದಿನದ ಫೋಟೋದಲ್ಲಿ ನನ್ನ ಹೊಸ ಅಂಗಿಯ ಮೇಲೆ ಐದು ಬೆರಳು ಸ್ಪಷ್ಟ ಕಾಣುತ್ತವೆ. ನೋಡಿದವರೆಲ್ಲ, ಹುಡುಗಿ ಕಡೆಯವರು ಹೊಡೆದರೇನು ಅಂತ ಕೇಳುತ್ತಾರೆ.

ಕಂಟಕ

ಬೇಸಿಗೆಯಲ್ಲಿ ಮದುವೆ ಆಯಿತು. ನಮ್ಮ ಮನೆಯಲ್ಲಿ ಮೊದಲ ರಾತ್ರಿ. ಮನೆ ತುಂಬ ನೆಂಟರು, ಮಾಳಿಗೆಯ ಕೋಣೆಯೊಂದನ್ನು ಮಲ್ಲಿಗೆ ಕಟ್ಟಿ ನಮಗೆ ಬಿಟ್ಟುಕೊಟ್ಟಿದ್ದರು. ಹೆಂಡತಿ ಹಾಲಿನ ಲೋಟ ಹಿಡಿದು ಬಂದಳು. ಆಕೆಯ ಜೊತೆ ಏನೇನು ಮಾತಾಡಬೇಕೆಂದು ನಾನು ಎಷ್ಟೋ ದಿನದಿಂದ ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಬಡಿದರು.

ತೆರೆದರೆ ತಂಗಿ, ಆಕೆಯ ಕೈಯಲ್ಲಿ ಕೆಂಪಗೆ ಅತ್ತ ಕೂಸು. ಹಿಂದೆ ಅವ್ವ, ಅವ್ವನ ಹಿಂದೆ ಖಾಲಾ. ಮೆಟ್ಟಿಲ ಕೆಳಗೆ ಅಪ್ಪ ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದರು.

"ಅಣ್ಣಾ, ಸಿಟ್ಟಾಗಬ್ಯಾಡ," ಅಂದಳು ತಂಗಿ. "ದವಡಿ ಹಲ್ಲು ಬರಾಕತ್ತಾವ ಕಾಣಸ್ತದ. ಎಲ್ಲರ ಹೆಗಲೂ ನೋಡಿದ್ವಿ. ಜರಾ ಮಲಗಿಸಿ ಕೊಟ್ಬಿಡು."

ನನ್ನ ಹೆಂಡತಿ ಮುಂದೆ ಬಂದು ಕೂಸಿಗೆ ಕೈ ಚಾಚಿದಳು. ಕೂಸು ಆಕೆಯ ಹೊಸ ಬಳೆಗಳನ್ನು ನೋಡಿತು, ಮುಖ ನೋಡಿತು, ಬೇಡ ಅಂತ ಆಕೆಯ ಕೈ ಸರಿಸಿ ನನ್ನ ಮೇಲೆ ಹಾರಿತು. ರೇಷ್ಮೆ ಅಂಗಿಯ ಕಾಲರ್ ಬಾಯಿಗೆ ಹೋಯಿತು. ಎರಡು ನಿಮಿಷದಲ್ಲಿ ಗಾಢ ನಿದ್ದೆ. ಹೊರಗಿದ್ದವರೆಲ್ಲ ಉಸಿರು ಬಿಟ್ಟು, ಮೆಲ್ಲಗೆ ಬಾಗಿಲು ಎಳೆದುಕೊಂಡು ಕೆಳಗೆ ಹೋಗಿ ಮಲಗಿಬಿಟ್ಟರು. ಯಾರೂ ವಾಪಸು ಬರಲಿಲ್ಲ.

ಹಾಸಿಗೆಗೆ ಇಳಿಸಲು ನೋಡಿದೆ, ಎದ್ದು ಚೀರಿತು. ಕುಳಿತುಕೊಂಡೆ, ಚೀರಿತು. ಕಡೆಗೆ ಹಳೆಯ ರೂಢಿಯಂತೆ ಆ ಗೋಡೆಯಿಂದ ಈ ಗೋಡೆಗೆ ಅಡ್ಡಾಡತೊಡಗಿದೆ. ಹೆಂಡತಿ ಮಲ್ಲಿಗೆಯ ನಡುವೆ ಗಲ್ಲಕ್ಕೆ ಕೈ ಹಚ್ಚಿಕೊಂಡು ಕುಳಿತು, ನಾನು ಆ ಕಡೆ ಹೋದಾಗ ಆ ಕಡೆ, ಈ ಕಡೆ ಬಂದಾಗ ಈ ಕಡೆ ನೋಡುತ್ತಿದ್ದಳು. ಹಾಲು ಕೆನೆಗಟ್ಟಿತು. ಕೊನೆಗೆ ಆಕೆ ಸೆರಗು ಬಾಯಿಗೆ ಒತ್ತಿಕೊಂಡು, ಕೂಸು ಏಳದಂತೆ ಬಲು ಮೆಲ್ಲಗೆ ಕೇಳಿದಳು:

"ಮ್ಯಾಲಿನ ಹಲ್ಲು ಮೊದ್ಲ ಬಂದ್ರ ಸೋದರಮಾವಗ ಕಂಟಕ ಅಂತ ನಮ್ಮ ಅಜ್ಜಿ ಅಂತಿದ್ಳಲ್ರಿ, ಇದೇ ಏನು?"